ಗಾಳಿ ಬೀಸಿದಲ್ಲೆಲ್ಲ ಕಂಬ ನೆಡಬಹುದೇ?

ಪುಣೆಯ ಕೋಥ್ರೂಡ್‌ನಲ್ಲಿ ನೆಲೆಸಿರುವ ಓದುಗರೊಬ್ಬರು ಬರೆದ ಪತ್ರದ ಸಾರ ಇಷ್ಟು: "ಸಾತಾರಾದ ಗುಡ್ಡಗಳ ಮೇಲೆ ಗಾಳಿಯಂತ್ರಗಳಿವೆ. ಸಹ್ಯಾದ್ರಿಯ ಉಳಿದ ಗುಡ್ಡಗಳು ಏನು ಪಾಪ ಮಾಡಿವೆ? ಮುಂಬಯಿಯ ಕಡಲಗಾಳಿ ಸುಮ್ಮನೆ ವ್ಯರ್ಥವಾಗಬೇಕೇ? ಗದಗದ ಹತ್ತಿರದ ನಮ್ಮ ಹೊಲವನ್ನೂ ಗಾಳಿಯಂತ್ರಕ್ಕೆ ಗುತ್ತಿಗೆ ಕೇಳುತ್ತಿದ್ದಾರೆ. ಕೊಡಬಹುದೇ?"

ಮಾನ್ಯರೇ,

ಮುಂಬಯಿಯ ಪ್ರಶ್ನೆಯನ್ನು ಮೊದಲು ಮುಗಿಸಿಬಿಡುತ್ತೇನೆ. ಮರೀನ್ ಡ್ರೈವ್‌ನಲ್ಲಿ ಕೊಡೆ ಕಿತ್ತುಕೊಳ್ಳುವ ಗಾಳಿ ಯಂತ್ರಕ್ಕೆ ಹೇಳಿಸಿದ್ದಲ್ಲ. ಕಟ್ಟಡಗಳಿಗೆ ಬಡಿದು ಸುಳಿಸುಳಿಯಾದ ಗಾಳಿಗೆ ರೆಕ್ಕೆಗಳು ಸರಾಗವಾಗಿ ತಿರುಗುವುದಿಲ್ಲ, ಬೇರಿಂಗುಗಳು ಮಾತ್ರ ಬೇಗ ಸವೆಯುತ್ತವೆ. ಸೊಸೈಟಿಯ ತಾರಸಿಗೆ ಸೌರಫಲಕವೇ ಸರಿ.

ಇನ್ನು ಸಹ್ಯಾದ್ರಿ. ಗಾಳಿಯ ಶಕ್ತಿ ಅದರ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಸೆಕೆಂಡಿಗೆ 5 ಮೀಟರ್ ಬೀಸುವ ಜಾಗಕ್ಕಿಂತ 6 ಮೀಟರ್ ಬೀಸುವ ಜಾಗದಲ್ಲಿ ಶಕ್ತಿ ಶೇಕಡಾ 70ಕ್ಕೂ ಹೆಚ್ಚು. ಅಲ್ಲಿ ನಿಂತವರ ಮೈಗೆ ತಿಳಿಯದಷ್ಟು ಸಣ್ಣ ಈ ವ್ಯತ್ಯಾಸವೇ ಲಾಭನಷ್ಟವನ್ನು ತೀರ್ಮಾನಿಸುತ್ತದೆ. ಅದಕ್ಕೇ ಎತ್ತರದ ಮಾಪನ ಕಂಬ ನಿಲ್ಲಿಸಿ ಕನಿಷ್ಠ ಒಂದು ವರ್ಷ ಅಳೆಯುವುದು. ನಮ್ಮ ಕಡೆ ಗಾಳಿಯ ಸುಗ್ಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಮಳೆಗಾಲದಲ್ಲಷ್ಟೇ ಅಳೆದು ಹಿಗ್ಗಿದವರು ನವೆಂಬರ್‌ನಲ್ಲಿ ಕೈಕಟ್ಟಿ ಕೂರಬೇಕಾಗುತ್ತದೆ. ಗಾಳಿ ಚೆನ್ನಾಗಿದ್ದರೂ ವಿದ್ಯುತ್ ಸಾಗಿಸುವ ಲೈನ್ ಮತ್ತು ಸಬ್‌ಸ್ಟೇಷನ್ ದೂರವಿದ್ದರೆ ಲೆಕ್ಕ ಮತ್ತೆ ತಲೆಕೆಳಗು.

ಇಷ್ಟೆಲ್ಲ ಕೂಡಿಬಂದ ಜಾಗವೂ ತಕ್ಕ ಜಾಗವೇ ಆಗಬೇಕೆಂದಿಲ್ಲ ಎನ್ನುವುದಕ್ಕೆ ಸಾತಾರಾದ ಚಾಳಕೇವಾಡಿಯನ್ನೇ ನೋಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡ ಅಲ್ಲಿ ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಯಂತ್ರಗಳಿಲ್ಲದ ಕಡೆಗೆ ಹೋಲಿಸಿದರೆ ಯಂತ್ರಗಳಿರುವ ಕಡೆ ಬೇಟೆಹಕ್ಕಿಗಳು ಸುಮಾರು ನಾಲ್ಕನೇ ಒಂದರಷ್ಟು ಮಾತ್ರ. ಹದ್ದು ಗಿಡುಗಗಳ ಭಯ ತಪ್ಪಿದ್ದರಿಂದ ಓತಿಕ್ಯಾತಗಳು ಹೆಚ್ಚಿದ್ದವು; ಮನುಷ್ಯರು ತೀರ ಹತ್ತಿರ ಬಂದರಷ್ಟೇ ಓಡುತ್ತಿದ್ದವು. ಬೇಟೆಹಕ್ಕಿಗಳು ದೂರ ಸರಿದದ್ದಕ್ಕೆ ನೆಲದ ಮೇಲಿನ ಜೀವಿಯ ನಡವಳಿಕೆಯೇ ಬದಲಾಗಿತ್ತು. ಹೊಗೆಯಿಲ್ಲದ ವಿದ್ಯುತ್ ಎಂದು ಬೀಗುವ ಜಾಹೀರಾತುಗಳಲ್ಲಿ ಇದನ್ನು ಯಾರು ಹಾಕುತ್ತಾರೆ!

ನಿಮ್ಮದೇ ಜಿಲ್ಲೆಯ ಭೀಮಾಶಂಕರದ ಬಳಿಯ ಕಥೆ ಇನ್ನೂ ಕಹಿ. ಅಲ್ಲಿ ಹಾನಿ ಮಾಡಿದ್ದು ರೆಕ್ಕೆಗಳಿಗಿಂತ ಹೆಚ್ಚಾಗಿ ರಸ್ತೆ. ಭಾರೀ ಬಿಡಿಭಾಗಗಳನ್ನು ಗುಡ್ಡಕ್ಕೆ ಏರಿಸಲು ಕಡಿದಾದ ದಾರಿ ಕೊರೆದರು. ಕಾಡು ಹೋಯಿತು, ಮಣ್ಣು ಕುಸಿಯಿತು, ಕಲ್ಲುಮಣ್ಣು ಕೆಳಗಿನ ಹೊಲಗಳಿಗೂ ಜಲಾಶಯಗಳಿಗೂ ಇಳಿಯಿತು. ಪಶ್ಚಿಮ ಘಟ್ಟಗಳ ಕುರಿತ ಮಾಧವ ಗಾಡ್ಗೀಳ್ ಸಮಿತಿಯ 2011ರ ವರದಿಯಲ್ಲಿ ಇದು ದಾಖಲಾಗಿದೆ.

ಹಾಗೆಂದು ನಾನು ಗಾಳಿ ವಿದ್ಯುತ್ತಿನ ವಿರೋಧಿಯಲ್ಲ. ಕಲ್ಲಿದ್ದಲಿನ ಬೂದಿಗಿಂತ ಇದು ನೂರು ಪಾಲು ಮೇಲು. ಆದರೆ ಹೊಸ ಗುಡ್ಡ ಕೊರೆಯುವ ಮೊದಲು ಹಳೆಯ ತಾಣಗಳಲ್ಲಿರುವ, ಕೆಲವೇ ನೂರು ಕಿಲೋವಾಟ್ ಸಾಮರ್ಥ್ಯದ ಯಂತ್ರಗಳನ್ನು ಬದಲಿಸಲಿ. ಇಂದಿನ ಒಂದೊಂದು ಯಂತ್ರ 2-3 ಮೆಗಾವಾಟ್‌ನದು. ರಸ್ತೆ, ಲೈನು ಅಲ್ಲಿ ಆಗಲೇ ಇವೆ. ಆಗಬೇಕಾದ ಹಾನಿಯೂ ಬಹುಮಟ್ಟಿಗೆ ಆಗಿಹೋಗಿದೆ. ಇದಕ್ಕೆ ಕೇಂದ್ರದ ಮೊದಲ ನೀತಿ 2016ರಲ್ಲೇ ಬಂದಿತ್ತು. ಕೆಲಸ ಮಾತ್ರ ಆಮೆಯ ನಡಿಗೆ.

ಇನ್ನು ನಿಮ್ಮ ಹೊಲ. ಬಯಲಿನ ಎರೆಭೂಮಿಗೆ ಕಾಡುಗುಡ್ಡದ ತೊಡಕುಗಳಿಲ್ಲ, ಆದ್ದರಿಂದ ಕೂಡದು ಎನ್ನಲಾರೆ. ಆದರೆ ಊರಿನಲ್ಲಿರುವ ಅಣ್ಣತಮ್ಮಂದಿರನ್ನು ಕೇಳದೆ ಪುಣೆಯಲ್ಲಿ ಕೂತು ರುಜು ಹಾಕಬೇಡಿ. ಕಂಬದಿಂದ ವಾಸದ ಮನೆಗಳಿಗೆ 500 ಮೀಟರ್ ಅಂತರವಿರಬೇಕೆಂದು ಕೇಂದ್ರದ ಮಾರ್ಗಸೂಚಿ ಹೇಳುತ್ತದೆ, ಅಳತೆ ಹಾಕಿಸಿ. ಕಂಬದ ಜಾಗದ ಜೊತೆಗೆ ರಸ್ತೆಗೆ ಎಷ್ಟು ಗುಂಟೆ ಹೋಗುತ್ತದೆ, ಮಳೆನೀರಿನ ಹರಿವಿಗೆ ಆ ರಸ್ತೆ ಅಡ್ಡವಾಗುತ್ತದೆಯೇ, ಗುತ್ತಿಗೆ ಮುಗಿದ ಮೇಲೆ ನೆಲದಡಿಯ ಕಾಂಕ್ರೀಟನ್ನು ಯಾರ ಖರ್ಚಿನಲ್ಲಿ ತೆಗೆಯುತ್ತಾರೆ ಎಂಬುದೆಲ್ಲ ಕರಾರುಪತ್ರದಲ್ಲಿ ಕನ್ನಡದಲ್ಲೇ ಇರಲಿ. ಕೊನೆಯದಕ್ಕೆ ಏಜೆಂಟರು ಬಾಯಿಮಾತಿನ ಭರವಸೆ ಕೊಟ್ಟರೆ ಒಪ್ಪಬೇಡಿ.

— ಸಂಪಾದಕ