ಸಂತೆಯಿಂದ ತಂದ ನನ್ನ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿ) ಹಸು ಏಳು ತಿಂಗಳಿಗೇ ಕಂದು ಹಾಕಿತು (ಗರ್ಭಪಾತವಾಯಿತು), ಮಾಸು ಬಿದ್ದಿಲ್ಲ. ಮತ್ತೆ ಹೀಗಾಗದ ಹಾಗೆ ಯಾವ ಇಂಜೆಕ್ಷನ್ ಕೊಡಿಸಲಿ, ಇಲ್ಲ ಮಾರಿಬಿಡಲಾ?

ಸಂತೆಯಿಂದ ತಂದ ಹಸು, ಏಳನೇ ತಿಂಗಳಿಗೆ ಕಂದು, ಮಾಸು ಬಿದ್ದಿಲ್ಲ. ನೀವು ಬರೆದಿರುವ ಮೂರೂ ನಮ್ಮ ಮನೆಯಲ್ಲಿ ಆದದ್ದೇ. ನಮ್ಮಲ್ಲಿ ಅದಕ್ಕೆ ಕಾರಣ ಬ್ರೂಸೆಲ್ಲೋಸಿಸ್ ಅನ್ನುವ ರೋಗ. ನಾವು ಕೋಲಾರದ ಕಡೆಯವರು, ಡೇರಿ ಹಾಲಿನ ದುಡ್ಡಲ್ಲೇ ಮನೆ ನಡೆಯುತ್ತದೆ.

ನಮ್ಮ ಹಸು ರಾತ್ರಿ ಕಂದು ಹಾಕಿತು. ಬೆಳಗ್ಗೆ ನೋಡಿದರೆ ಸತ್ತ ಕರು ಹುಲ್ಲಿನ ಮೇಲೆ ಬಿದ್ದಿದೆ, ಮಾಸು ಅರ್ಧ ಒಳಗೆ, ಅರ್ಧ ಹೊರಗೆ. ಪಕ್ಕದ ಗಬ್ಬದ ಹಸು ಹಗ್ಗ ಜಗ್ಗಿ, ಕತ್ತು ಚಾಚಿ ಅದನ್ನು ನೆಕ್ಕುತ್ತಿತ್ತು. ಎಲ್ಲೋ ಗುದ್ದಿಸಿಕೊಂಡಿರಬೇಕು ಅಂದುಕೊಂಡೆವು. ಅಪ್ಪ ಬರಿಗೈಯಲ್ಲೇ ಮಾಸು ಎಳೆದು ತೆಗೆದರು, ಕರು ಎತ್ತಿ ತಿಪ್ಪೆಗೆ ಹಾಕಿದರು. ನಾನು ನೀರು ಸುರಿದು ನೆಲ ತೊಳೆದೆ. ಆ ನೀರು ಮಿಕ್ಕ ಹಸುಗಳ ಕಾಲಡಿಯಲ್ಲೇ ಹರಿದು ಹೋಯಿತು.

ನಮ್ಮನ್ನು ಮುಳುಗಿಸಿದ್ದು ಆ ಬೆಳಗಿನ ಕೆಲಸ. ಪರೀಕ್ಷೆ ಮಾಡಿಸದೆ ಹಸು ತಂದದ್ದೂ ತಪ್ಪೇ, ಆದರೆ ಅಲ್ಲಿಯವರೆಗೆ ರೋಗ ಒಂದು ಹಸುವಿನ ಹೊಟ್ಟೆಯಲ್ಲಿತ್ತು. ಕೊಟ್ಟಿಗೆಗೆಲ್ಲ ಹಂಚಿದ್ದು ನಾವು. ಈ ರೋಗ ತರುವ ಬ್ರೂಸೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಗಬ್ಬದ ಹಸುವಿನ ಮಾಸಿನಲ್ಲಿ ವಿಪರೀತ ಬೆಳೆಯುತ್ತದೆ. ಕಂದು ಹಾಕುವಾಗ ಮಾಸು, ಸತ್ತ ಕರು, ಸೋರುವ ನೀರು ಎಲ್ಲದರಲ್ಲೂ ಕೋಟಿಗಟ್ಟಲೆ ಹೊರಗೆ ಬರುತ್ತದೆ. ಒಳ್ಳೆ ಬಿಸಿಲಿಗೆ ಬೇಗ ಸಾಯುತ್ತದೆ. ಕೊಟ್ಟಿಗೆಯ ಮೂಲೆ, ತಿಪ್ಪೆ, ಒದ್ದೆ ಹುಲ್ಲು, ಹೀಗೆ ತಂಪಾಗಿ ನೆರಳಿರುವ ಕಡೆ ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಉಳಿಯುತ್ತದೆ. ನೆಕ್ಕಿದ ಹಸುವಿಗೆ ಬಾಯಿಂದಲೇ ಹೋಗುತ್ತದೆ. ಮನುಷ್ಯರಿಗೆ ಕೈ ಮೇಲೆ ಸಣ್ಣ ಗೀರು ಇದ್ದರೂ ಸಾಕು, ಕಣ್ಣಿಗೆ ಒಂದು ಹನಿ ಹಾರಿದರೂ ಸಾಕು. ತಿಪ್ಪೆಗೆ ಎಸೆದದ್ದನ್ನು ನಾಯಿ ಎಳೆದುಕೊಂಡು ಹೋದರೆ ಪಕ್ಕದ ಮನೆಗೂ ಹೋಯಿತು ಅಂತಲೇ ಲೆಕ್ಕ. ಮಾಸು ತಾನಾಗಿ ಬೀಳದಿದ್ದರೆ ಡಾಕ್ಟರನ್ನು ಕರೆಸಬೇಕಿತ್ತು. ಗ್ಲೌಸ್ ಹಾಕಿಕೊಂಡು, ಆಳವಾಗಿ ಗುಂಡಿ ತೋಡಿ, ಸುಣ್ಣ ಸುರಿದು ಹೂಳಬೇಕಿತ್ತು. ಆ ಹುಲ್ಲನ್ನು ಸುಡಬೇಕಿತ್ತು. ಸೋರುವುದು ನಿಲ್ಲುವವರೆಗೆ ಹಸುವನ್ನು ದೂರ ಕಟ್ಟಬೇಕಿತ್ತು. ಇಷ್ಟಕ್ಕೆ ಒಂದು ಬೆಳಗ್ಗೆ, ಅರ್ಧ ಮೂಟೆ ಸುಣ್ಣ ಸಾಕಾಗುತ್ತಿತ್ತು.

ನೆಕ್ಕಿದ ಹಸು ಎಂಟನೇ ತಿಂಗಳಲ್ಲಿ ಕಂದು ಹಾಕಿತು. ಅಷ್ಟರಲ್ಲಿ ಅಪ್ಪನಿಗೆ ಸಂಜೆಯಾದರೆ ಜ್ವರ, ರಾತ್ರಿ ಬನಿಯನ್ ಹಿಂಡುವಷ್ಟು ಬೆವರು, ಸೊಂಟ ನೋವು. ಟೈಫಾಯ್ಡ್ ಅಂತ ಮಾತ್ರೆ ನುಂಗಿದ್ದೇ ನುಂಗಿದ್ದು. ಕೊನೆಗೆ ಒಬ್ಬ ಡಾಕ್ಟರು, "ಮನೇಲಿ ದನ ಇದ್ಯಾ? ಯಾವುದಾದ್ರೂ ಕಂದು ಹಾಕಿತ್ತಾ?" ಅಂತ ಕೇಳಿದರು. ರಕ್ತ ಪರೀಕ್ಷೆಯಲ್ಲಿ ಬ್ರೂಸೆಲ್ಲೋಸಿಸ್ ಅಂತ ಬಂತು. ಡಾಕ್ಸಿಸೈಕ್ಲಿನ್, ರಿಫಾಂಪಿಸಿನ್ ಎರಡೂ ಸೇರಿಸಿ 6 ವಾರ ಕೊಟ್ಟರು. ಈಗ ಚೆನ್ನಾಗಿದ್ದಾರೆ.

ಹಾಗಾಗಿ ನೇರವಾಗಿ ಹೇಳುತ್ತೇನೆ, ಯಾವ ಇಂಜೆಕ್ಷನ್ ಅಂತ ಕೇಳುವ ಹೊತ್ತು ಇದಲ್ಲ. ಇದೇ ರೋಗವಾಗಿದ್ದರೆ ಹಸುವನ್ನು ಪೂರ್ತಿ ವಾಸಿ ಮಾಡುವ ಇಂಜೆಕ್ಷನ್ನೇ ಇಲ್ಲ. ಎಸ್‌19 ಅನ್ನುವ ಲಸಿಕೆ ಇದೆ, ಅದು 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಮಾತ್ರ, ಜೀವಕ್ಕೆ ಒಂದೇ ಸಲ. 2019ರಲ್ಲಿ ಶುರುವಾದ ಕೇಂದ್ರದ ಕಾರ್ಯಕ್ರಮದಲ್ಲಿ ಉಚಿತವಾಗಿ ಹಾಕುತ್ತಾರೆ. ಅದು ಜೀವಂತ ಲಸಿಕೆ. ಗಬ್ಬದ ಹಸುವಿಗೆ ಹಾಕಿದರೆ ಅದರಿಂದಲೇ ಕಂದು ಹಾಕಬಹುದು. ನಿಮ್ಮ ಹೆಣ್ಣು ಕರುಗಳಿಗೆ ತಪ್ಪದೆ ಹಾಕಿಸಿ, ದೊಡ್ಡ ಹಸುಗಳಿಗೆ ಬೇಡ.

ಮೊದಲು ಹಸುವಿನ ರಕ್ತ ಪರೀಕ್ಷೆ ಮಾಡಿಸಿ. ಕಂದು ಹಾಕಿದ ಹೊಸದರಲ್ಲಿ ರೋಗವಿದ್ದರೂ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು, ಆದ್ದರಿಂದ ಇಲ್ಲ ಅಂತ ಬಂದರೂ ಮೂರು ವಾರ ಬಿಟ್ಟು ಇನ್ನೊಂದು ಸಲ. ಕಂದು ಹಾಕೋಕೆ ಲೆಪ್ಟೊಸ್ಪೈರಾ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾದಂಥ ಬೇರೆ ಕಾರಣಗಳೂ ಇರುತ್ತವೆ, ಅದನ್ನು ಡಾಕ್ಟರು ನೋಡುತ್ತಾರೆ. ಇಡೀ ಕೊಟ್ಟಿಗೆ ಮೇಲೆ ಕಣ್ಣಿಡೋಕೆ ಹಾಲಿನ ರಿಂಗ್ ಟೆಸ್ಟ್ ಇದೆ. ಎಲ್ಲ ಹಸುಗಳ ಹಾಲು ಬೆರೆಸಿ ಸ್ವಲ್ಪ ನಳಿಕೆಗೆ ಹಾಕಿ, ಬಣ್ಣದ ದ್ರವ ಬೆರೆಸಿ, ಒಂದು ಗಂಟೆ ಬೆಚ್ಚಗಿಡುತ್ತಾರೆ. ನಮ್ಮದರಲ್ಲಿ ಕೆನೆ ಮೇಲೆ ಬಂದ ಕಡೆ ಕಡುನೀಲಿ ಬಳೆ ನಿಂತಿತ್ತು, ಕೆಳಗೆ ಹಾಲು ಬೆಳ್ಳಗೆ. ಬಳೆ ಬಂದರೆ ಒಂದೊಂದು ಹಸುವಿನ ರಕ್ತ ನೋಡಬೇಕು. ಗಿಣ್ಣು ಹಾಲು, ಕೆಚ್ಚಲು ಬಾವಿನ ಹಾಲು ಸೇರಿದರೆ ಸುಮ್ನೆ ಬಳೆ ಬರುವುದೂ ಉಂಟು.

ಮಾರುವ ಮಾತು ದಯವಿಟ್ಟು ಬಿಡಿ. ಹೆಚ್ಚಿನ ಹಸುಗಳು ಒಂದೇ ಸಲ ಕಂದು ಹಾಕುತ್ತವೆ. ಮುಂದಿನ ಸಲ ದಿನ ತುಂಬಿ ಕರು ಹಾಕಿದರೆ ಎಲ್ಲರೂ ವಾಸಿಯಾಯಿತು ಅಂತಾರೆ. ಆದರೆ ಹಾಲಲ್ಲಿ, ಪ್ರತಿ ಹೆರಿಗೆಯಲ್ಲಿ ರೋಗಾಣು ಬರುತ್ತಲೇ ಇರುತ್ತದೆ. ನಮ್ಮ ಕೊಟ್ಟಿಗೆಗೆ ಬಂದದ್ದು ಯಾರೋ ಸುಮ್ಮನೆ ಮಾರಿಬಿಟ್ಟ ಇಂಥದ್ದೇ ಹಸು. ಅದನ್ನು ನಾವು ಸಂತೆಗೆ ಹೊಡೆಯಲಿಲ್ಲ, ಬೇರೆ ಶೆಡ್ಡಿನಲ್ಲಿ ಕಟ್ಟಿದ್ದೇವೆ. ಅದರ ಹಾಲನ್ನು ಎಲ್ಲ ಹಸುಗಳಾದ ಮೇಲೆ ಕೊನೆಗೆ ಕರೆಯುತ್ತೇವೆ, ಹೋರಿ ಹತ್ತಿರ ಬಿಡುವುದಿಲ್ಲ. ನಷ್ಟ ಆಗಿದೆ ನಿಜ, ಆದರೂ ಇನ್ನೊಬ್ಬರ ಮನೆಗೆ ಅದನ್ನು ದಾಟಿಸಲು ಮನಸ್ಸು ಒಪ್ಪಲಿಲ್ಲ.

ಮಕ್ಕಳಿಗೆ ಕರೆದ ತಕ್ಷಣ ನೊರೆ ಹಾಲು ಕುಡಿಸುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ, ಉಕ್ಕು ಬರಿಸಿಯೇ ಕೊಡಿ. ಆ ಮಾಸಿಗೆ ಕೈಹಾಕಿದವರು ಯಾರು ಅಂತ ನೆನಪಿಟ್ಟುಕೊಳ್ಳಿ. ಅವರಿಗೆ ಬಿಟ್ಟು ಬಿಟ್ಟು ಜ್ವರ ಬಂದರೆ, ಡಾಕ್ಟರು ಕೇಳುವ ಮೊದಲೇ ಹಸು ಕಂದು ಹಾಕಿದ ವಿಷಯ ಹೇಳಿ.