ಜನ ನಡೆದರೆ ಕ್ಯಾನ್ಸರ್ ಸಂಶೋಧನೆಗೆ ಹಣ ಹೇಗೆ ಬರುತ್ತದೆ?

ನಡೆಯುವವರು ತಮ್ಮ ಬಂಧುಗಳು, ಸ್ನೇಹಿತರು, ಸಹೋದ್ಯೋಗಿಗಳಿಂದ ಕೇಳಿ ಸಂಗ್ರಹಿಸುವ ದೇಣಿಗೆಯೇ ಮುಖ್ಯ ಮೂಲ. ಅಪರಿಚಿತ ಸಂಸ್ಥೆಯ ಮನವಿಗೆ ಸುಮ್ಮನಿರುವವರೂ, ಪರಿಚಯದವರು ತಾವೇ ಕಷ್ಟಪಟ್ಟು ನಡೆಯುತ್ತೇವೆಂದು ಬಂದು ಕೇಳಿದಾಗ ಇಲ್ಲವೆನ್ನುವುದು ಕಡಿಮೆ. ನಡಿಗೆಯ ನಿಜವಾದ ಬಲ ಇದೇ.

ಕ್ಯಾನ್ಸರ್ ವಿರುದ್ಧದ ಕೆಲಸಕ್ಕೆ ಹಣ ಕೂಡಿಸುವ ‘ರಿಲೇ ಫಾರ್ ಲೈಫ್’ ಎಂಬ ನಡಿಗೆ ಹುಟ್ಟಿದ್ದನ್ನು ನೋಡಿ. 1985ರ ಮೇ ತಿಂಗಳಲ್ಲಿ ಅಮೆರಿಕದ ಟಕೋಮಾ ನಗರದ ಶಸ್ತ್ರವೈದ್ಯ ಗಾರ್ಡಿ ಕ್ಲಾಟ್ ಕ್ರೀಡಾಂಗಣವೊಂದರಲ್ಲಿ 24 ಗಂಟೆಗಳ ಕಾಲ ಸುತ್ತು ಹಾಕಿ 83 ಮೈಲಿ, ಅಂದರೆ ಸುಮಾರು 134 ಕಿಲೋಮೀಟರ್ ಕ್ರಮಿಸಿದರು. 25 ಡಾಲರ್ ಕೊಟ್ಟ ಸ್ನೇಹಿತರು, ರೋಗಿಗಳು ಅವರೊಂದಿಗೆ ಅರ್ಧ ಗಂಟೆ ಓಡಬಹುದಿತ್ತು ಅಥವಾ ನಡೆಯಬಹುದಿತ್ತು. ಹೀಗೆ ಅಮೆರಿಕನ್ ಕ್ಯಾನ್ಸರ್ ಸೊಸೈಟಿಗೆ 27,000 ಡಾಲರ್ ಸೇರಿತು! ಮರುವರ್ಷ ತಂಡಗಳು ಸರದಿಯಂತೆ ನಡೆದವು. ಒಬ್ಬ ವೈದ್ಯರ ಪರಿಚಯಸ್ಥರ ಬಳಗವಿದ್ದಲ್ಲಿ ಈಗ ನೂರಾರು ಜನರ ಬಳಗಗಳು ಬಂದವು. ಮೊತ್ತ ಬೆಳೆಯುವುದು ಹೀಗೆ. ಈ ನಡಿಗೆಯಲ್ಲಿ ಕ್ಯಾನ್ಸರ್ ಗೆದ್ದವರೇ ಮೊದಲ ಸುತ್ತು ಹಾಕುವ ಪದ್ಧತಿ ನನಗೆ ಬಹಳ ಇಷ್ಟ.

ಎಲ್ಲ ಹಣವೂ ಪ್ರಯೋಗಾಲಯಕ್ಕೇ ಹೋಗುವುದಿಲ್ಲ. ರೋಗಿಗಳ ನೆರವು, ಜಾಗೃತಿ, ಏರ್ಪಾಟಿನ ಖರ್ಚಿಗೂ ಒಂದು ಪಾಲು ಸಲ್ಲುತ್ತದೆ. ಕೊಡುವ ಮೊದಲು ಸಂಸ್ಥೆಯ ವಾರ್ಷಿಕ ಲೆಕ್ಕಪತ್ರ ನೋಡಿ.