8 ಲಕ್ಷ ಕಿಲೋಮೀಟರ್ ಓಡಿದ ಲಾರಿ ಎಂಜಿನ್: ಬಿಚ್ಚುವ ಮುಂಚೆ ನೀರು ಎಲ್ಲಿಗೆ ಹೋಗ್ತಿದೆ ಅಂತ ಹುಡುಕಿ

ನೀವು ಬರೆದದ್ದು ಇಷ್ಟು: ಕಮಿನ್ಸ್ 6ಬಿಟಿ ಎಂಜಿನ್ನಿನ ಹತ್ತು ಚಕ್ರದ ಲಾರಿ, 8 ಲಕ್ಷ ಕಿ.ಮೀ. ದಾಟಿದೆ. ರೇಡಿಯೇಟರ್‌ನಲ್ಲಿ ನೀರು ನಿಲ್ಲುತ್ತಿಲ್ಲ, ಗುಳ್ಳೆ ಏಳುತ್ತಿದೆ. ಆಯಿಲ್ ಹಾಲು ಹಾಕಿದ ಟೀ ಬಣ್ಣಕ್ಕೆ ತಿರುಗಿದೆ. ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್‌ಗೂ ಮೇಲಿನ ಹೆಡ್‌ಗೂ ನಡುವಿನ ಸೀಲ್) ಎರಡು ಸಲ ಬದಲಾಯಿಸಿದರೂ ಸರಿಹೋಗಿಲ್ಲ. ಈಗ ಮೆಕ್ಯಾನಿಕ್ ಫುಲ್ ಎಂಜಿನ್ ಕೆಲಸ ಅಂತಿದ್ದಾರೆ. ಮಾಡಿಸಬೇಕಾ, ಸೆಕೆಂಡ್ ಹ್ಯಾಂಡ್ ಎಂಜಿನ್ ಕೂರಿಸಬೇಕಾ?

ನಾನು ಇಂಥ ಎಂಜಿನ್‌ಗಳ ಕೆಲಸ ಮಾಡುವವನು. ಇಷ್ಟು ಓಡಿದ ಮೇಲೆ, ಅದರಲ್ಲೂ ಆಯಿಲ್‌ಗೆ ನೀರು ಸೇರಿದ ಮೇಲೆ, ಎಂಜಿನ್ ಕೆಲಸ ತಪ್ಪಲಿಕ್ಕಿಲ್ಲ. ಆದರೆ ಇವತ್ತೇ ಬಿಚ್ಚಬೇಡಿ. ನೀರು ಯಾವ ದಾರಿಯಲ್ಲಿ ಆಯಿಲ್ ಸೇರುತ್ತಿದೆ ಅಂತ ಗೊತ್ತಾಗದೆ ಬೋರ್ (ಪಿಸ್ಟನ್ ಓಡುವ ಸಿಲಿಂಡರ್), ಪಿಸ್ಟನ್, ಬೇರಿಂಗ್ ಎಲ್ಲ ಹೊಸದು ಹಾಕಿದರೆ, ಹಳೇ ರೋಗವನ್ನೇ ಹೊಸ ಎಂಜಿನ್‌ಗೆ ಹತ್ತಿಸಿದ ಹಾಗೆ. ಗ್ಯಾಸ್ಕೆಟ್ ಎರಡು ಸಲ ಬದಲಾಯಿಸಿಯೂ ಗುಳ್ಳೆ ನಿಂತಿಲ್ಲ ಅಂದರೆ ನನ್ನ ಅನುಮಾನ ಬೇರೆ ಕಡೆ ಹೋಗುತ್ತದೆ.

ಮೊದಲು ಏರ್ ಕಂಪ್ರೆಸರ್ ನೋಡಿಸಿ. ಬ್ರೇಕ್‌ಗೆ ಗಾಳಿ ತುಂಬುವ ಕಂಪ್ರೆಸರ್‌ನ ಹೆಡ್ ತಂಪಾಗುವುದು ಎಂಜಿನ್ ನೀರಿನಿಂದಲೇ. ಅದರ ಹೆಡ್ ಒಡೆದರೆ ಅಥವಾ ಅದರ ಗ್ಯಾಸ್ಕೆಟ್ ಹೋದರೆ, ಒತ್ತಡದ ಗಾಳಿ ನೇರ ನೀರಿಗೆ ನುಗ್ಗುತ್ತದೆ. ರೇಡಿಯೇಟರ್‌ನಲ್ಲಿ ಗುಳ್ಳೆ ಕಂಡವರೆಲ್ಲ ಎಂಜಿನ್ ಹೆಡ್ ಗ್ಯಾಸ್ಕೆಟ್ ಅಂದುಕೊಳ್ಳುತ್ತಾರೆ. ಎಂಜಿನ್ ನಿಂತಾಗ ಅದೇ ಸಂದಿನಿಂದ ನೀರು ಕಂಪ್ರೆಸರ್ ಸಿಲಿಂಡರ್‌ಗೆ ಇಳಿದು, ಅಲ್ಲಿಂದ ಎಂಜಿನ್ ಆಯಿಲ್‌ಗೆ ಸೇರಬಹುದು. ಅಂದರೆ ನಿಮ್ಮ ಎರಡೂ ತೊಂದರೆಗೆ ಇದೊಂದೇ ಕಾರಣ ಇರಬಹುದು. ಪರೀಕ್ಷೆ ಸುಲಭ. ಏರ್ ಟ್ಯಾಂಕ್ ಖಾಲಿ ಮಾಡಿ ಸ್ಟಾರ್ಟ್ ಮಾಡಿ. ಗಾಳಿ ತುಂಬುವಾಗ ಗುಳ್ಳೆ ಜಾಸ್ತಿ ಬಂದು, ತುಂಬಿ ಕಟ್ ಆದ ಮೇಲೆ ಕಮ್ಮಿಯಾದರೆ ಕಂಪ್ರೆಸರ್ ಮೇಲೆ ಅನುಮಾನ ಬಲವಾಗುತ್ತದೆ. ಟ್ಯಾಂಕ್ ಡ್ರೈನ್ ತೆಗೆದಾಗ ಕೂಲೆಂಟ್ ಬಣ್ಣದ ನೀರು ಬಂದರಂತೂ ಬೇರೆ ಸಾಕ್ಷಿ ಬೇಡ. ಇನ್ನೂ ಖಾತ್ರಿ ಬೇಕಿದ್ದರೆ, ಕಂಪ್ರೆಸರ್‌ಗೆ ಹೋಗುವ ಎರಡು ನೀರಿನ ಪೈಪ್ ಬಿಚ್ಚಿ, ಒಂದಕ್ಕೊಂದು ಸೇರಿಸಿ, ನಿಂತಲ್ಲೇ ಸ್ವಲ್ಪ ಹೊತ್ತು ಓಡಿಸಿ ನೋಡಿ.

ಎರಡನೇ ಅನುಮಾನ ಆಯಿಲ್ ಕೂಲರ್. ಈ ಎಂಜಿನ್‌ನಲ್ಲಿ ಅದು ಆಯಿಲ್ ಫಿಲ್ಟರ್ ಹೆಡ್ ಹಿಂದೆ, ಬ್ಲಾಕ್ ಒಳಗೇ, ನೀರಿನಲ್ಲಿ ಮುಳುಗಿ ಕೂತಿರುತ್ತದೆ. ಹೊರಗೆ ಒಂದು ಹನಿಯೂ ಕಾಣಲ್ಲ. ಎಂಜಿನ್ ಓಡುವಾಗ ಆಯಿಲ್ ಒತ್ತಡ ಜಾಸ್ತಿ, ಹಾಗಾಗಿ ಆಯಿಲ್ ನೀರಿಗೆ ಹೋಗುತ್ತದೆ. ಆಫ್ ಮಾಡಿದ ಮೇಲೆ ಬಿಸಿ ನೀರಿನ ಒತ್ತಡ ಉಳಿದಿರುತ್ತದೆ, ಆಗ ನೀರು ಆಯಿಲ್‌ಗೆ ಬರುತ್ತದೆ. ನಿಮ್ಮ ರೇಡಿಯೇಟರ್‌ನಲ್ಲಿ ಜಿಡ್ಡು ತೇಲುತ್ತಿದೆಯಾ ನೋಡಿ.

ಆಮೇಲೆ ಆಯಿಲ್ ಇಳಿಸಿ ಚೇಂಬರ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಬಿಚ್ಚಿಸಿ. ನೀರಿನ ದಾರಿಗೆ ಕೈಪಂಪಿನಿಂದ ಒತ್ತಡ ಕೊಡಿ, ರೇಡಿಯೇಟರ್ ಕ್ಯಾಪ್ ಮೇಲೆ ಬರೆದಷ್ಟೇ, ಅದಕ್ಕಿಂತ ಜಾಸ್ತಿ ಬೇಡ. ರಾತ್ರಿಯೆಲ್ಲ ಹಾಗೇ ಬಿಟ್ಟು, ಬೆಳಗ್ಗೆ ಕೆಳಗೆ ಮಲಗಿ ಟಾರ್ಚ್ ಹಾಕಿ ನೋಡಿ. ಯಾವುದಾದರೂ ಒಂದು ಬೋರ್‌ನ ಗೋಡೆಯಲ್ಲಿ ನೀರು ಇಳಿದಿದ್ದರೆ ಹೆಡ್, ಗ್ಯಾಸ್ಕೆಟ್ ಅಥವಾ ಆ ಬೋರ್ ಬಿರುಕು. ಬೋರ್‌ಗಳೆಲ್ಲ ಒಣಗಿದ್ದು ಮೇನ್ ಬೇರಿಂಗ್ (ಕ್ರ್ಯಾಂಕ್ ಶಾಫ್ಟ್ ಕೂರುವ ಬೇರಿಂಗ್) ಸಂದಿನಿಂದಲೋ ಆಯಿಲ್ ಪಂಪಿನ ಹೀರು ಪೈಪ್‌ನಿಂದಲೋ ಹನಿ ಬಂದರೆ ಕೂಲರ್. ಒಂದು ರಾತ್ರಿಯ ಕೆಲಸ ಇದು. ಇದನ್ನು ಬಿಟ್ಟು ಎಂಜಿನ್ ಇಳಿಸುವುದನ್ನು ನೋಡಿದಾಗ ನನಗೆ ನಿಜಕ್ಕೂ ಬೇಜಾರಾಗುತ್ತದೆ, ಯಾಕಂದರೆ ಸಾಲ ಮಾಡಿ ಲಾರಿ ಓಡಿಸುವವರ ದುಡ್ಡು ಅದು.

ಚೇಂಬರ್ ಬಿಚ್ಚಿದಾಗಲೇ ಒಂದೆರಡು ಮೇನ್ ಬೇರಿಂಗ್, ಬಿಗ್ ಎಂಡ್ (ಕನೆಕ್ಟಿಂಗ್ ರಾಡ್‌ನ ಕೆಳತುದಿಯ) ಬೇರಿಂಗ್ ತೆಗೆಸಿ ನೋಡಿ. ಬರೀ ನೀರಿಗಿಂತ ಕೂಲೆಂಟ್‌ನಲ್ಲಿರುವ ಗ್ಲೈಕಾಲ್ ಆಯಿಲ್‌ಗೆ ಜಾಸ್ತಿ ಹಾನಿ ಮಾಡುತ್ತದೆ. ಆಯಿಲ್ ಗೋಂದಿನ ಥರ ಆಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಬೇರಿಂಗ್‌ನ ಮೆತ್ತನೆ ಪದರ ತಿಂದುಹೋಗುತ್ತದೆ. ಬೂದು ಮೈಯ ಮೇಲೆ ತಾಮ್ರದ ಬಣ್ಣ ಕಂಡರೆ ಬೇರಿಂಗ್ ಮುಗಿದಿದೆ. ಆಗ ಎಂಜಿನ್ ಇಳಿಸುವುದೇ ಸರಿ.

ಇಳಿಸಿದ ಮೇಲೆ ಅಳತೆ ಮುಖ್ಯ. 6ಬಿಟಿಯಲ್ಲಿ ಲೈನರ್ (ಬೋರ್ ಒಳಗೆ ಕೂರುವ ಬೇರೆ ಕೊಳವೆ) ಇಲ್ಲ, ಪಿಸ್ಟನ್ ನೇರ ಬ್ಲಾಕ್‌ನ ಬೋರ್‌ನಲ್ಲೇ ಓಡುತ್ತದೆ. ಬೋರ್ 102 ಮಿ.ಮೀ. ಸವೆದಿದ್ದರೆ 0.50 ಅಥವಾ 1.00 ಮಿ.ಮೀ. ಓವರ್‌ಸೈಜ್‌ಗೆ ಬೋರ್ ಮಾಡಿಸಬಹುದು, ಅದೂ ಮುಗಿದಿದ್ದರೆ ಒಳಗೆ ಸ್ಲೀವ್ (ಹೊಸ ಕೊಳವೆ) ಹಾಕಿಸಬಹುದು. ಓವರ್‌ಸೈಜ್ ಪಿಸ್ಟನ್ ಕೈಗೆ ಬಂದ ಮೇಲೆ ಅದನ್ನು ಅಳೆದೇ ಲೇತ್‌ನವರು ಬೋರ್ ಮಾಡಬೇಕು. ಕ್ರ್ಯಾಂಕ್ ಗ್ರೈಂಡ್ ಮಾಡಿಸಿದರೆ ಜರ್ನಲ್‌ನ (ಬೇರಿಂಗ್ ಕೂರುವ ಭಾಗದ) ಮೂಲೆಯ ದುಂಡು ತಿರುವು ಹಾಗೇ ಉಳಿದಿದೆಯಾ ನೋಡಿ. ಅದು ಚೂಪಾದರೆ ಕ್ರ್ಯಾಂಕ್ ಅಲ್ಲಿಂದಲೇ ತುಂಡಾಗುತ್ತದೆ. ಹೆಡ್‌ಗೆ ಕ್ರ್ಯಾಕ್ ಟೆಸ್ಟ್ ಮಾಡಿಸದೆ ಫೇಸಿಂಗ್‌ಗೆ (ಮೈ ಸಪಾಟು ಮಾಡಲು) ಕೊಡಬೇಡಿ. ಫೇಸಿಂಗ್ ಮಾಡಿಸಿದರೆ ವಾಲ್ವ್ ಎಷ್ಟು ಒಳಗೆ ಕೂತಿದೆ, ನಾಜಲ್ (ಡೀಸೆಲ್ ಚಿಮ್ಮುವ ತುದಿ) ಎಷ್ಟು ಹೊರಗೆ ಬಂದಿದೆ ಅಂತಲೂ ಅಳೆಯಬೇಕು. ಟೈಮಿಂಗ್ ಕೇಸ್ (ಎಂಜಿನ್ ಮುಂದಿನ ಗೇರ್‌ಗಳ ಪೆಟ್ಟಿಗೆ) ಹೇಗೂ ಬಿಚ್ಚಿರುತ್ತಾರೆ. ಈ ಎಂಜಿನ್‌ನ ಹಳೇ ಮಾದರಿಗಳಲ್ಲಿ ಅಲ್ಲೊಂದು ಚಿಕ್ಕ ಡವೆಲ್ ಪಿನ್ (ಭಾಗಗಳನ್ನು ಸರಿಯಾಗಿ ಹೊಂದಿಸುವ ಉಕ್ಕಿನ ಕಡ್ಡಿ) ಸಡಿಲಾಗಿ ಗೇರ್ ನಡುವೆ ಬೀಳುವುದುಂಟು. ಅದು ಹೊರಬರದ ಹಾಗೆ ಒಂದು ಸಣ್ಣ ಪಟ್ಟಿ ಕೂರಿಸಿಬಿಡಿ.

ಈಗ ಜನ ಕಡೆಗಣಿಸುವ ಭಾಗ. ರೇಡಿಯೇಟರ್, ವಾಟರ್ ಪಂಪ್, ಹೋಸ್‌ಗಳು, ಕ್ಯಾಪ್, ಥರ್ಮೋಸ್ಟಾಟ್ ಇವೆಲ್ಲ ಎಂಜಿನ್ ಕೆಲಸದ ಲೆಕ್ಕದಲ್ಲೇ ಸೇರಬೇಕು. ದುಡ್ಡು ಸಾಲದಿದ್ದರೆ ಬಣ್ಣ, ಪಾಲಿಶ್ ಬಿಡಿ, ಇದನ್ನು ಬಿಡಬೇಡಿ. ಕೋಲಾರ, ಚಿತ್ರದುರ್ಗ, ಪಾವಗಡದ ಕಡೆ ಬೋರ್‌ವೆಲ್ ನೀರನ್ನೇ ವರ್ಷಗಟ್ಟಲೆ ತುಂಬಿದ ಲಾರಿಗಳ ಬ್ಲಾಕ್ ಒಳಗೆ ಸುಣ್ಣ ಗಟ್ಟಿಯಾಗಿ ಕಟ್ಟಿರುತ್ತದೆ. ಗೇಜ್ ನಾರ್ಮಲ್ ತೋರಿಸುತ್ತಿದ್ದರೂ ಸಿಲಿಂಡರ್ ಗೋಡೆಯ ಶಾಖ ನೀರಿಗೆ ಸರಿಯಾಗಿ ದಾಟುವುದಿಲ್ಲ. ಬ್ಲಾಕ್ ಪಕ್ಕದ ತಗಡಿನ ಬಿಲ್ಲೆಗಳನ್ನು ತೆಗೆಸಿ, ಒಳಗೆಲ್ಲ ಕ್ಲೀನ್ ಮಾಡಿಸಿ, ಹೊಸ ಬಿಲ್ಲೆ ಹೊಡೆಸಿ. ಆಯಿಲ್ ಸೇರಿದ ನೀರಿನಲ್ಲಿದ್ದ ರಬ್ಬರ್ ಹೋಸ್ ಉಬ್ಬಿ ಮೆತ್ತಗಾಗಿರುತ್ತದೆ, ಅದನ್ನು ಉಳಿಸಿಕೊಳ್ಳಬೇಡಿ.

ಥರ್ಮೋಸ್ಟಾಟ್ ಕಿತ್ತು ಬಿಸಾಡುವ ಅಭ್ಯಾಸ ನಮ್ಮಲ್ಲಿ ಬಹಳ ಇದೆ. ಬಿಸಿಯಾಗಲ್ಲ ಅಂತ ನಂಬಿಕೆ. ನಿಜವಾಗಿ ಅದು ಪೂರ್ತಿ ತೆರೆದಾಗ ಬೈಪಾಸ್ ದಾರಿ ಮುಚ್ಚುತ್ತದೆ. ಅದೇ ಇಲ್ಲದಿದ್ದರೆ ಒಂದಿಷ್ಟು ನೀರು ರೇಡಿಯೇಟರ್‌ಗೆ ಹೋಗದೆ ಎಂಜಿನ್‌ನಲ್ಲೇ ಸುತ್ತುತ್ತದೆ. ಘಾಟ್ ಹತ್ತುವಾಗ ಬಿಸಿ, ಖಾಲಿ ಓಡುವಾಗ ತಂಪು, ಎರಡೂ ಕೆಟ್ಟದ್ದೇ.

ಸೆಕೆಂಡ್ ಹ್ಯಾಂಡ್ ಎಂಜಿನ್ ಬಗ್ಗೆ: ನಿಮ್ಮ ಬ್ಲಾಕ್ ಬಿರುಕು ಬಿಟ್ಟಿಲ್ಲ ಅಂದರೆ ಅದನ್ನೇ ಕಟ್ಟಿಸಿ. ತರುವ ಎಂಜಿನ್ ಎಂಥ ನೀರು ಕುಡಿದಿದೆ ಅಂತ ಯಾರಿಗೂ ಗೊತ್ತಿರಲ್ಲ. ಜೊತೆಗೆ ಆರ್‌ಸಿಯಲ್ಲಿ ಎಂಜಿನ್ ನಂಬರ್ ಬದಲಾಯಿಸಲು ಆರ್‌ಟಿಒ ಓಡಾಟ ಬೇರೆ.

ಜೋಡಿಸುವಾಗ ಟಾರ್ಕ್ ರೆಂಚ್ ಇಲ್ಲದ ಗ್ಯಾರೇಜ್‌ಗೆ ಕೊಡಬೇಡಿ. ಹೆಡ್ ಬೋಲ್ಟ್ ಮೊದಲು ಎಲ್ಲ 90 ನ್ಯೂಟನ್ ಮೀಟರ್, ಆಮೇಲೆ ಉದ್ದದವು ಮಾತ್ರ 120, ಕೊನೆಗೆ ಎಲ್ಲಕ್ಕೂ 90 ಡಿಗ್ರಿ ತಿರುವು. ಟ್ಯಾಪೆಟ್ ಸಂದು (ವಾಲ್ವ್ ಮೇಲೆ ಬಿಡುವ ಅಂತರ) ಇನ್‌ಟೇಕ್‌ಗೆ 0.25, ಎಕ್ಸಾಸ್ಟ್‌ಗೆ 0.51 ಮಿ.ಮೀ. ಕೂಲೆಂಟ್ ಮತ್ತು ಡಿಸ್ಟಿಲ್ಡ್ ನೀರು ಅರ್ಧರ್ಧ. ಸ್ಟಾರ್ಟ್ ಆದ ಮೇಲೆ ಗಂಟೆಗಟ್ಟಲೆ ಐಡಲ್‌ನಲ್ಲಿ ಬಿಡಬೇಡಿ, ರಿಂಗ್ ಕೂರಲ್ಲ, ಬೋರ್ ನುಣುಪಾಗಿಬಿಡುತ್ತದೆ. ಸಾಧಾರಣ ಲೋಡ್ ಹಾಕಿ ಓಡಿಸಿ, ಮೊದಲ ಆಯಿಲ್ ಬೇಗ ಬದಲಾಯಿಸಿ, ತೆಗೆದ ಫಿಲ್ಟರ್ ಕತ್ತರಿಸಿ ಒಳಗೆ ಲೋಹದ ಚೂರು ಇದೆಯಾ ನೋಡಿ. ಚೇಂಬರ್ ಬಿಚ್ಚಿ ನೋಡಿದ ಮೇಲೆ ನೀರು ಎಲ್ಲಿಂದ ಹನಿಯಿತು ಅಂತ ಬರೆಯಿರಿ, ಮುಂದಿನದು ಅದರ ಮೇಲೆ ಹೇಳ್ತೀನಿ.